ಮಿಂಚಂಚೆಯ ಲಕೋಟೆ

ಅಂಚೆಯ ಮೂಲಕ ಹೋಗುವ ಕಾಗದಕ್ಕೆ ಎರಡು ಭಾಗಗಳುಂಟು. ಒಳಗೆ ಮಡಿಸಿಟ್ಟ ಓಲೆ ಒಂದು. ಅದನ್ನು ಹೊತ್ತ ಲಕೋಟೆ ಇನ್ನೊಂದು. ಓಲೆಯನ್ನು ಓದುವವನು ಅದನ್ನು ಪಡೆದವನು. ಲಕೋಟೆಯನ್ನು ಓದುವವರು ಅಂಚೆಯ ನೌಕರರು. ಉಡುಪಿಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಮಣಿಪಾಲದ ಮಗ್ಗುಲಿನಲ್ಲಿರುವ ಅಲೆವೂರಿನಿಂದ ಮುಂಬಯಿಯಲ್ಲಿ ದುಡಿಯುವ ಮಗನಿಗೆ ತಾಯಿಯೊಬ್ಬಳು ಕಾಗದ ಬರೆದಳೆನ್ನೋಣ. ಓಲೆಯಲ್ಲಿ ‘ಚಿರಂಜೀವಿ ಮಗನಿಗೆ ಆಶೀರ್ವಾದಗಳು’ ಎಂದಷ್ಟೇ ಇರುವುದು. ಅಂಚೆಯವರಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ. ಅವರು ನೋಡುವುದು ಲಕೋಟೆಯ ಮೇಲಿನ ವಿಳಾಸವನ್ನು. ಮಗನಿಗೆ ಬರೆದ ಓಲೆಯನ್ನು ಅಳಿಯನ ವಿಳಾಸವುಳ್ಳ ಲಕೋಟೆಯಲ್ಲಿ ಹಾಕಿದರೆ ಅದು ಅಳಿಯನ ಮನೆಗೇ ಹೋಗಿ ಬೀಳುವುದು.

ಗಣಕಯಂತ್ರಗಳ ಮೂಲಕ ಸಾಗುವ ಮಿಂಚಂಚೆಗೂ ಇದೇ ನಿಯಮ ಅನ್ವಯಿಸುತ್ತದೆ. ಈಮೇಲ್ ಎಂಬ ಹೆಸರಿನಿಂದ ಇದು ಎಲ್ಲರಿಗೂ ಪರಿಚಿತವಾಗಿದೆ. ಆದರೆ ಈಮೇಲಿಗೂ ಒಂದು ಲಕೋಟೆಯುಂಟೆಂಬ ಸಂಗತಿ ಬಹಳ ಮಂದಿಗೆ ತಿಳಿಯದು. ಏಕೆಂದರೆ ತೆರೆಯ ಮೇಲೆ ನಮಗೆ ಕಾಣಿಸುವುದು ಓಲೆ ಮಾತ್ರ. ‘ಇಂಥವರಿಂದ’, ‘ಇಂಥವರಿಗೆ’ ಎಂದು ಮೇಲ್ಭಾಗದಲ್ಲಿ ತೋರುವ ಸಾಲುಗಳು ಕೂಡ ಓಲೆಯ ತಲೆಯ ಮೇಲೆ ಬರೆದವೇ ಹೊರತು ಲಕೋಟೆಯ ಮೇಲಿನವಲ್ಲ. ಲಕೋಟೆಯು ದಾರಿಯುದ್ದಕ್ಕೂ ಕೆಲಸಮಾಡಿ, ಕಾಗದವು ಪೆಟ್ಟಿಗೆಗೆ ಬೀಳುವಾಗ ಮರೆಯಾಗಿಬಿಡುವುದು.

ಕೈಯಿಂದಲೇ ಈಮೇಲ್ ಬರೆದು ಕಳುಹಿಸುವವನಿಗೆ ಈ ಸೂಕ್ಷ್ಮ ತಿಳಿಯದಿದ್ದರೂ ನಡೆದೀತು. ಆ ಕೆಲಸವನ್ನು ಗಣಕಕ್ಕೇ ಒಪ್ಪಿಸಬೇಕೆಂದು ಪ್ರೋಗ್ರಾಮು, ಅಂದರೆ ಕ್ರಮವಿಧಿ, ಬರೆಯಹೊರಟ ವಿದ್ಯಾರ್ಥಿಗೆ ಮಾತ್ರ ಇದು ತಿಳಿದಿರಲೇಬೇಕು. ಲಕೋಟೆಯ ಮರ್ಮವನ್ನು ಅರಿತರೆ ಇಡೀ ಮಿಂಚಂಚೆಯ ರಚನೆ ಅರ್ಥವಾಗುವುದು. ಅರಿಯದಿದ್ದರೆ ಆ ಕ್ರಮವಿಧಿಯಿಂದ ಇತರರಿಗೆ ಹಾನಿಯೂ ಸಂಭವಿಸಬಹುದು.

ಮುನ್ನೂರು ಕಾಗದಗಳ ಕೆಲಸ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಲೆವೂರಿನ ಕಾಲೇಜು ವಿದ್ಯಾರ್ಥಿಯೊಬ್ಬನು ಸುತ್ತಲಿನ ಊರುಗಳ ಮುನ್ನೂರು ಮಂದಿ ಹುಡುಗ ಹುಡುಗಿಯರ ವಿಳಾಸಗಳ ಪಟ್ಟಿಯೊಂದನ್ನು ಅವರ ಒಪ್ಪಿಗೆ ಪಡೆದು ತಯಾರಿಸಿದ್ದಾನೆ. ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುವ ಕೊನೆಯ ದಿನ ಸಮೀಪಿಸಿದಾಗ ಇವರೆಲ್ಲರಿಗೂ ಸೂಚನೆ ಹೋಗಬೇಕು. ಒಬ್ಬೊಬ್ಬರಿಗೂ ಅವರವರ ಹೆಸರು ಹಿಡಿದು, ಅವರ ತರಗತಿಗೆ ಒಪ್ಪುವ ವೇತನದ ವಿವರವನ್ನೇ ಬರೆಯಬೇಕು. ಕೈಯಿಂದ ಮಾಡಿದರೆ ಎರಡು ದಿನ ಹಿಡಿಯುವ ಈ ಕೆಲಸವನ್ನು ಗಣಕವು ಕೆಲವು ನಿಮಿಷಗಳಲ್ಲಿ ಮುಗಿಸಬಲ್ಲದು.

ಇದಕ್ಕೆ ಅವನು ಪೈಥಾನ್ ಎಂಬ ಗಣಕಭಾಷೆಯನ್ನು ಆಯ್ದುಕೊಂಡಿದ್ದಾನೆ. ನೆದರ್ಲೆಂಡಿನ ಗೀಡೋ ವಾನ್ ರಾಸಮ್ ಎಂಬವರು ೧೯೯೧ರಲ್ಲಿ ಇದನ್ನು ಮೊದಲು ಹೊರತಂದರು. ಪದೇ ಪದೇ ಬೇಕಾಗುವ ಕೆಲಸಗಳಿಗೆ ಮೊದಲೇ ಬರೆದಿಟ್ಟ ಕ್ರಮಗಳ ಭಂಡಾರವೊಂದು ಈ ಭಾಷೆಯ ಜತೆಗೇ ದೊರೆಯುತ್ತದೆ. ಅಂಚೆಯ ಕೆಲಸಕ್ಕಾಗಿ ಇರುವ ಭಾಗಕ್ಕೆ ‘ಎಸ್‌ಎಮ್‌ಟಿಪಿಲಿಬ್’ ಎಂದು ಹೆಸರು. ಓಲೆಯನ್ನು ಸಿದ್ಧಗೊಳಿಸಲು ‘ಈಮೇಲ್’ ಎಂಬ ಇನ್ನೊಂದು ಭಾಗವುಂಟು. ಇವೆರಡನ್ನೂ ಬಳಸಿದರೆ ಹತ್ತು ಹನ್ನೆರಡು ಸಾಲುಗಳಲ್ಲಿ ಕ್ರಮವಿಧಿ ಮುಗಿಯುವುದು. ಅಂಚೆಯ ಕೆಲಸಕ್ಕೆ ಮೀಸಲಾದ ಗಣಕವೊಂದನ್ನು ಸಂಪರ್ಕಿಸುವುದು, ಗುಟ್ಟಾಗಿ ಮಾತಾಡುವ ಏರ್ಪಾಡು ಮಾಡಿಕೊಳ್ಳುವುದು, ತಾನು ಯಾರೆಂದು ಪ್ರವೇಶಪದದಿಂದ ರುಜುಪಡಿಸುವುದು, ಕಾಗದವನ್ನು ಒಪ್ಪಿಸುವುದು, ಬೀಳ್ಕೊಳ್ಳುವುದು—ಇವಿಷ್ಟೇ ಅದರ ಹಂತಗಳು. ಅಂಚೆಯ ಕೆಲಸದ ಗಣಕವನ್ನು ಮೇಲ್ ಸರ್ವರ್ ಎನ್ನುವರು. ಈ ಲೇಖನದಲ್ಲಿ ಅದನ್ನು ಅಂಚೆಗಣಕವೆಂದು ಕರೆಯೋಣ.

ಸಾಲುಗಳು ಹತ್ತೇ ಆದರೂ ಅವುಗಳ ಹಿಂದೆ ಅರ್ಧ ಶತಮಾನದ ಇತಿಹಾಸವಿದೆ.

ಈ ಅಂಚೆಯು ಬೆಳೆದುಬಂದ ಬಗೆ

ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಜಾಲದ ಮೂಲಕ ಕಾಗದವನ್ನು ಮೊದಲು ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್. ಇದು ನಡೆದುದು ೧೯೭೧ರಲ್ಲಿ. ವ್ಯಕ್ತಿಯ ಹೆಸರನ್ನೂ ಗಣಕದ ಹೆಸರನ್ನೂ ಬೇರ್ಪಡಿಸಲು ‘ಆಟ್’ ಎಂಬ ಸುರುಳಿ ಚಿಹ್ನೆಯನ್ನು ಆರಿಸಿದವರೂ ಅವರೇ. ಬೇರೆ ಬೇರೆ ಗಣಕಗಳು ಒಂದೇ ರೀತಿಯಲ್ಲಿ ಕಾಗದವನ್ನು ಕೈಬದಲಾಯಿಸಬೇಕಾದರೆ ಎಲ್ಲರೂ ಒಪ್ಪಿದ ನಿಯಮಾವಳಿಯೊಂದು ಬೇಕಷ್ಟೆ. ಜೊನಾಥನ್ ಪೋಸ್ಟೆಲ್ ಎಂಬವರು ೧೯೮೨ರ ಆಗಸ್ಟಿನಲ್ಲಿ ಅಂಥ ನಿಯಮಾವಳಿಯನ್ನು ಪ್ರಕಟಿಸಿದರು. ‘ಸರಳ ಅಂಚೆ ಸಾಗಣೆ ನಿಯಮ’ ಎಂಬರ್ಥದ ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಎಸ್‌ಎಮ್‌ಟಿಪಿ. ಅಂದು ಆ ಜಾಲದಲ್ಲಿದ್ದ ಗಣಕಗಳು ಕೆಲವು ನೂರು ಮಾತ್ರ. ಬಹುಮಟ್ಟಿಗೆ ಎಲ್ಲವೂ ವಿಶ್ವವಿದ್ಯಾನಿಲಯಗಳವು, ಸಂಶೋಧನಾಲಯಗಳವು, ಸರಕಾರದವು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬೀಳುವುದು.

ನಮ್ಮ ದೇಶದಲ್ಲಿ ೧೯೮೬ರಲ್ಲಿ ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಸಂಯುಕ್ತ ರಾಷ್ಟ್ರಗಳ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ‘ಅರ್ನೆಟ್’ ಎಂಬ ವಿದ್ಯಾ-ಸಂಶೋಧನಾ ಜಾಲವನ್ನು ಕೈಗೊಂಡಿತು. ಅದರಲ್ಲಿ ಮೊದಲು ಭಾಗವಹಿಸಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವೂ ಒಂದು. ಹೀಗೆ ಕನ್ನಡನಾಡಿಗೆ ಮಿಂಚಂಚೆ ಕಾಲಿಟ್ಟುದು ವಿಜ್ಞಾನಿಗಳ ಮೂಲಕ. ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತುದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ.

ವಿಳಾಸವನ್ನು ಓದುವ ರೀತಿ

ನಮ್ಮ ಅಂಚೆಯ ಪಿನ್ ಸಂಖ್ಯೆ ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದಿತು. ಮಣಿಪಾಲದ ಸಂಖ್ಯೆ ೫೭೬೧೦೪. ಇದನ್ನು ಎಡದಿಂದ ಓದಬೇಕು. ಮೊದಲ ಅಂಕೆ ೫ ದಕ್ಷಿಣದ ಒಂದು ವಲಯವನ್ನೂ, ೫೭ ಎಂಬುದು ಕರ್ನಾಟಕದ ಒಂದು ಭಾಗವನ್ನೂ, ೫೭೬ ಎಂಬುದು ಕಾಗದಗಳನ್ನು ವಿಂಗಡಿಸುವ ಜಿಲ್ಲೆಯನ್ನೂ, ಕೊನೆಯ ಮೂರು ಅಂಕೆಗಳು ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಮಿಂಚಂಚೆಯ ವಿಳಾಸದ ಕ್ರಮ ಇದಕ್ಕೆ ವಿರುದ್ಧವಾದುದು. ಅದನ್ನು ಬಲದಿಂದ ಓದಬೇಕು. ಮಣಿಪಾಲದ ವಿಶ್ವವಿದ್ಯಾನಿಲಯದ ಜಾಲನಾಮ ‘ಮಣಿಪಾಲ್ ಡಾಟ್ ಎಡು’ ಎಂದಿದೆ. ಬಲತುದಿಯ ‘ಎಡು’ ವಿದ್ಯಾಸಂಸ್ಥೆಗಳ ದೊಡ್ಡ ಗುಂಪು, ಅದರೊಳಗೆ ಮಣಿಪಾಲ, ಸುರುಳಿ ಚಿಹ್ನೆಯ ಎಡಕ್ಕೆ ವ್ಯಕ್ತಿಯ ಹೆಸರು.

ಕಾಗದ ಹೊತ್ತ ಅಂಚೆಗಣಕವು ಜಾಲನಾಮಗಳ ಮಹಾಸೂಚಿಯೊಂದನ್ನು ವಿಚಾರಿಸಿ, ‘ಈ ಹೆಸರಿನವರ ಕಾಗದಗಳನ್ನು ಸ್ವೀಕರಿಸುವ ಗಣಕ ಯಾವುದು?’ ಎಂದು ತಿಳಿದುಕೊಳ್ಳುತ್ತದೆ. ಈ ಸೂಚಿಯ ವ್ಯವಸ್ಥೆಯನ್ನು ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅಂಚೆಗೆಂದೇ ಪ್ರತ್ಯೇಕವಾದ ನಮೂದು ಇರಬೇಕೆಂಬ ನಿಯಮ ೧೯೮೬ರಲ್ಲಿ ಬಂದಿತು. ಗಮನಿಸಬೇಕಾದುದೇನೆಂದರೆ, ಅಂಚೆಗಣಕವು ಹೀಗೆ ವಿಚಾರಿಸುವುದು ಲಕೋಟೆಯ ಮೇಲಿನ ವಿಳಾಸವನ್ನು ಹಿಡಿದು; ಓಲೆಯ ತಲೆಯ ಮೇಲಿನ ಹೆಸರುಗಳನ್ನು ಹಿಡಿದಲ್ಲ.

ಎರಡು ಗಣಕಗಳ ಸಂಭಾಷಣೆ

ಕಾಗದವು ಕೈಬದಲಾಗುವಾಗ ಎರಡು ಗಣಕಗಳ ನಡುವೆ ಚಿಕ್ಕದೊಂದು ಸಂಭಾಷಣೆ ನಡೆಯುತ್ತದೆ. ಅದರ ವೈಶಿಷ್ಟ್ಯವೆಂದರೆ ಅದು ಮನುಷ್ಯರು ಓದಬಲ್ಲ ಸರಳ ಇಂಗ್ಲಿಷ್ ಪದಗಳಲ್ಲಿರುವುದು. ಸ್ವೀಕರಿಸುವ ಗಣಕವು ಪ್ರತಿಯೊಂದು ಮಾತಿಗೂ ಮೂರಂಕೆಯ ಸಂಖ್ಯೆಯೊಂದರಿಂದ ಉತ್ತರ ಕೊಡುತ್ತದೆ.

ಸಂಪರ್ಕವಾದೊಡನೆ ಅಂಚೆಗಣಕವು ೨೨೦ ಎನ್ನುತ್ತದೆ. ‘ಸಿದ್ಧವಾಗಿದ್ದೇನೆ’ ಎಂದು ಇದರ ತಾತ್ಪರ್ಯ. ಬಂದ ಗಣಕವು ‘ಇಹಲೋ’ ಎಂದು ನಮಸ್ಕರಿಸಿ ತನ್ನ ಹೆಸರನ್ನು ಹೇಳುತ್ತದೆ. ಉತ್ತರ ೨೫೦; ಎಂದರೆ ‘ಆಗಬಹುದು’. ಅನಂತರ ಲಕೋಟೆಯ ಕೆಲಸ ಮೊದಲಾಗುತ್ತದೆ. ‘ಮೇಲ್ ಫ್ರಮ್’ ಎಂಬ ಆಜ್ಞೆಯ ಮುಂದೆ ಕಳುಹಿಸುವವನ ವಿಳಾಸ; ಉತ್ತರ ೨೫೦. ‘ಆರ್‌ಸಿಪಿಟಿ ಟು’ ಎಂಬ ಆಜ್ಞೆಯ ಮುಂದೆ ಪಡೆಯುವವನ ವಿಳಾಸ. ಉತ್ತರ ಮತ್ತೆ ೨೫೦. ಪಡೆಯುವವರು ಹತ್ತು ಮಂದಿಯಿದ್ದರೆ ಈ ಆಜ್ಞೆಯನ್ನು ಹತ್ತು ಸಲ ಹೇಳಬೇಕು. ಲಕೋಟೆ ಇಲ್ಲಿಗೆ ಮುಗಿಯಿತು.

ಈಗ ‘ಡೇಟಾ’ ಎಂಬ ಆಜ್ಞೆ. ಉತ್ತರ ೩೫೪, ‘ಓಲೆಯನ್ನು ಹೇಳು, ಕೇಳುತ್ತಿದ್ದೇನೆ’. ಇಲ್ಲಿಂದ ಮುಂದೆ ಓಲೆಯ ಸಾಲುಗಳೆಲ್ಲ ಹರಿದು ಬರುತ್ತವೆ. ‘ಇಂಥವರಿಂದ’, ‘ಇಂಥವರಿಗೆ’, ‘ವಿಷಯ’ ಎಂಬ ತಲೆಸಾಲುಗಳೂ ಈಗಲೇ ಬರುವುವು. ಓಲೆ ಮುಗಿಯಿತೆಂಬುದಕ್ಕೆ ಗುರುತು, ಒಂದು ಸಾಲಿನಲ್ಲಿ ಒಂಟಿಯಾಗಿ ನಿಂತ ಚುಕ್ಕೆ. ಓಲೆಯ ನಡುವೆಯೇ ಅಂಥ ಒಂಟಿ ಚುಕ್ಕೆಯಿದ್ದರೆ ಗತಿಯೇನು? ಚುಕ್ಕೆಯಿಂದ ಆರಂಭವಾಗುವ ಪ್ರತಿ ಸಾಲಿಗೂ ಕಳುಹಿಸುವ ಗಣಕವು ಮತ್ತೊಂದು ಚುಕ್ಕೆ ಸೇರಿಸುತ್ತದೆ. ಪಡೆಯುವ ಗಣಕವು ಅದನ್ನು ತೆಗೆದುಹಾಕುತ್ತದೆ. ಎಸ್‌ಎಮ್‌ಟಿಪಿಲಿಬ್ ಈ ಕೆಲಸವನ್ನು ತಾನಾಗಿಯೇ ಮಾಡುವುದರಿಂದ ನಮ್ಮ ವಿದ್ಯಾರ್ಥಿಗೆ ಅದರ ಚಿಂತೆಯಿಲ್ಲ. ಕೊನೆಯ ಚುಕ್ಕೆಗೆ ಬರುವ ಉತ್ತರ ಪುನಃ ೨೫೦. ‘ಕ್ವಿಟ್’ ಎಂದರೆ ೨೨೧, ಸಂಭಾಷಣೆ ಸಮಾಪ್ತಿ.

ಓಲೆಯ ತಲೆಸಾಲುಗಳನ್ನು ನೋಡಿ ಲಕೋಟೆಯನ್ನು ತುಂಬುವ ಕೆಲಸವನ್ನೂ ಪೈಥಾನಿನ ಭಂಡಾರ ನಮ್ಮ ಪರವಾಗಿ ಮಾಡಬಲ್ಲದು. ‘ಗುಪ್ತ ಪ್ರತಿ’ಯ ರಹಸ್ಯವೂ ಇಲ್ಲಿಯೇ ಬಯಲಾಗುತ್ತದೆ. ಬಿಸಿಸಿ ಎಂಬ ಸಾಲಿನಲ್ಲಿ ಬರೆದ ಹೆಸರುಗಳನ್ನು ಭಂಡಾರವು ಲಕೋಟೆಗೆ ಸೇರಿಸಿ, ಓಲೆಯಿಂದ ಆ ಸಾಲನ್ನೇ ಕಿತ್ತುಹಾಕುತ್ತದೆ. ಆದುದರಿಂದ ಕಾಗದವು ಅವರಿಗೆ ತಲಪುತ್ತದೆ; ಉಳಿದವರಿಗೆ ಅವರ ಹೆಸರು ಕಾಣಿಸುವುದಿಲ್ಲ. ಮುನ್ನೂರು ಹೆಸರುಗಳನ್ನು ‘ಇಂಥವರಿಗೆ’ ಎಂಬ ಸಾಲಿನಲ್ಲಿ ಬರೆದರೆ ಆ ಮುನ್ನೂರು ವಿಳಾಸಗಳೂ ಮುನ್ನೂರು ಮಂದಿಯ ಕೈಸೇರುವುವು. ನಂಬಿ ವಿಳಾಸ ಕೊಟ್ಟವರಿಗೆ ಇದು ದ್ರೋಹವೇ ಸರಿ.

೨೫೦ ಎಂಬ ಉತ್ತರದ ಅರ್ಥ

ಓಲೆಯ ಕೊನೆಯಲ್ಲಿ ಬಂದ ೨೫೦ ಎಂಬ ಉತ್ತರವನ್ನು ಕಂಡು, ‘ಕಾಗದ ತಲಪಿತು’ ಎಂದು ನಮ್ಮ ವಿದ್ಯಾರ್ಥಿ ಸಂತೋಷಪಟ್ಟಾನು. ಆದರೆ ಅದರ ಅರ್ಥ ಅಷ್ಟಲ್ಲ. ‘ಕಾಗದವನ್ನು ನಾನು ವಹಿಸಿಕೊಂಡಿದ್ದೇನೆ, ಇನ್ನು ಅದರ ಹೊಣೆ ನನ್ನದು’ ಎಂದಷ್ಟೇ ಅದರ ಅರ್ಥ. ಅಲೆವೂರಿನ ಪೆಟ್ಟಿಗೆಗೆ ಬಿದ್ದ ಕಾಗದವು ಮುಂಬಯಿಗೆ ತಲಪಿತೆಂದು ಯಾರೂ ಹೇಳುವುದಿಲ್ಲವಷ್ಟೆ. ಕ್ರಮವಿಧಿಯು ಕಾಗದ ಕೊಡುವುದು ಸಮೀಪದ ಅಂಚೆಗಣಕಕ್ಕೆ. ದೂರದ ಪೆಟ್ಟಿಗೆಯೊಂದು ಇದೆಯೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ಅದಕ್ಕೂ ತಿಳಿಯದು.

ಉತ್ತರಗಳ ಮೊದಲ ಅಂಕೆಯಲ್ಲಿ ಮುಖ್ಯ ಅರ್ಥ ಅಡಗಿದೆ. ೨ ಎಂದರೆ ಒಪ್ಪಿಗೆ. ೩ ಎಂದರೆ ಮುಂದುವರಿಸು. ೪ ಎಂದರೆ ಸದ್ಯಕ್ಕೆ ಆಗದು, ಮತ್ತೆ ಬಾ. ೫ ಎಂದರೆ ಎಂದಿಗೂ ಆಗದು. ‘ಇಂಥ ಪೆಟ್ಟಿಗೆಯೇ ಇಲ್ಲ’ ಎಂಬುದಕ್ಕೆ ೫೫೦ ಎಂಬ ಉತ್ತರ ಪ್ರಸಿದ್ಧವಾಗಿದೆ. ನಾಲ್ಕರ ಉತ್ತರ ಬಂದರೆ ಅಂಚೆಗಣಕವು ಕಾಗದವನ್ನು ಸಾಲಿನಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸಬೇಕು. ೨೦೦೮ರಲ್ಲಿ ಪರಿಷ್ಕರಿಸಿದ ನಿಯಮಾವಳಿಯ ಪ್ರಕಾರ ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ ಅರ್ಧ ಗಂಟೆ ಇರಬೇಕು. ಕೈಬಿಡುವ ಮೊದಲು ನಾಲ್ಕೈದು ದಿನವಾದರೂ ಪ್ರಯತ್ನಿಸಬೇಕು. ಅರ್ಜಿಯ ಕೊನೆಯ ದಿನದ ಹಿಂದಿನ ರಾತ್ರಿ ಸೂಚನೆ ಕಳುಹಿಸುವುದು ಏಕೆ ಅವಿವೇಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಎಲ್ಲವೂ ನಿಯಮದಂತೆ ನಡೆದರೂ ಕಾಗದವು ನಾಲ್ಕು ದಿನ ತಡವಾಗಬಹುದು.

ತಲಪಿಸಲಾಗದ ಕಾಗದದ ಸುದ್ದಿಯನ್ನು ಅಂಚೆಗಣಕವು ಲಕೋಟೆಯ ಮೇಲಿನ ‘ಮೇಲ್ ಫ್ರಮ್’ ವಿಳಾಸಕ್ಕೆ ಹಿಂದಿರುಗಿಸುತ್ತದೆ. ಹಾಗೆ ಹಿಂದಿರುಗುವ ಕಾಗದದ ಲಕೋಟೆಯಲ್ಲಿ ಕಳುಹಿಸಿದವನ ಸ್ಥಾನವನ್ನು ಬೇಕೆಂದೇ ಖಾಲಿ ಬಿಟ್ಟಿರುವುದುಂಟು. ಹಿಂದಿರುಗಿದ ಕಾಗದವೂ ತಲಪದೆ ಹೋದರೆ, ಅದರ ಸುದ್ದಿ ಮತ್ತೆ ಹಿಂದಿರುಗಿ, ಎರಡು ಗಣಕಗಳು ಕೊನೆಯಿಲ್ಲದೆ ಒಂದಕ್ಕೊಂದು ದೂರು ಕಳುಹಿಸುತ್ತ ಕುಳಿತಾವು! ಖಾಲಿ ಬಿಟ್ಟ ಆ ಸ್ಥಾನ ಇದನ್ನು ತಪ್ಪಿಸುತ್ತದೆ.

ಇಲ್ಲಿ ಹೊಸಬರು ಎಡವುವ ಎರಡು ಸ್ಥಳಗಳಿವೆ. ಮುನ್ನೂರು ಮಂದಿಯ ಹೆಸರುಗಳನ್ನು ಒಂದೇ ಲಕೋಟೆಯಲ್ಲಿ ಹಾಕಿ ಕಳುಹಿಸುವಾಗ ಅವರಲ್ಲಿ ಒಬ್ಬರನ್ನಾದರೂ ಅಂಚೆಗಣಕವು ಒಪ್ಪಿದರೆ, ಎಸ್‌ಎಮ್‌ಟಿಪಿಲಿಬ್ ಯಾವ ಗದ್ದಲವನ್ನೂ ಮಾಡುವುದಿಲ್ಲ. ಒಪ್ಪದೆ ಹೋದವರ ಪಟ್ಟಿಯನ್ನು ಸದ್ದಿಲ್ಲದೆ ಹಿಂದಕ್ಕೆ ಕೊಡುತ್ತದೆ. ಕ್ರಮವಿಧಿಯು ಆ ಪಟ್ಟಿಯನ್ನು ನೋಡದಿದ್ದರೆ ಅವರು ಬಿಟ್ಟುಹೋದ ಸಂಗತಿ ಯಾರಿಗೂ ತಿಳಿಯದು. ಇದಕ್ಕೆ ಬದಲಾಗಿ ಒಬ್ಬೊಬ್ಬರಿಗೆ ಬೇರೆ ಬೇರೆ ಕಾಗದ ಕಳುಹಿಸುವಾಗ, ನಲವತ್ತೊಂದನೆಯ ವಿಳಾಸವನ್ನು ಅಂಚೆಗಣಕವು ತಿರಸ್ಕರಿಸಿತೆನ್ನಿ. ಆ ದೋಷವನ್ನು ಎದುರಿಸುವ ಏರ್ಪಾಡನ್ನು ಬರೆದಿರದಿದ್ದರೆ ಕ್ರಮವಿಧಿ ಅಲ್ಲಿಯೇ ನಿಂತುಬಿಡುತ್ತದೆ. ನಲವತ್ತು ಮಂದಿಗೆ ಕಾಗದ ಹೋಯಿತು. ಉಳಿದ ೨೫೯ ಮಂದಿಗೆ, ಅವರ ವಿಳಾಸಗಳು ಸರಿಯಿದ್ದರೂ, ಹೋಗಲಿಲ್ಲ. ಅವರಲ್ಲಿ ಒಬ್ಬ ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಆದುದರಿಂದ ಪ್ರತಿಯೊಂದು ಕಾಗದದ ಗತಿಯನ್ನೂ ಕಡತದಲ್ಲಿ ಬರೆದಿಡುವುದು, ತಿರಸ್ಕೃತವಾದುದನ್ನು ಗುರುತಿಸಿ ಮುಂದಿನದಕ್ಕೆ ಹೋಗುವುದು, ಹಿಂದಿರುಗಿ ಬಂದ ಕಾಗದಗಳನ್ನು ದಿನವೂ ನೋಡುವುದು—ಇವು ಕ್ರಮವಿಧಿಯ ಅಲಂಕಾರಗಳಲ್ಲ, ಅದರ ಮುಖ್ಯ ಅಂಗಗಳು.

ಕನ್ನಡದ ಓಲೆ

ನಮ್ಮ ವಿದ್ಯಾರ್ಥಿ ಓಲೆಯನ್ನು ಕನ್ನಡದಲ್ಲಿಯೇ ಬರೆಯುತ್ತಾನೆ. ೧೯೮೨ರ ನಿಯಮಾವಳಿಗೆ ಕನ್ನಡದ ಪರಿಚಯವೇ ಇರಲಿಲ್ಲ. ಅದಕ್ಕೆ ಗೊತ್ತಿದ್ದುದು ಇಂಗ್ಲಿಷಿನ ಅಕ್ಷರಗಳು, ಅಂಕೆಗಳು ಮತ್ತು ಕೆಲವು ಚಿಹ್ನೆಗಳು ಸೇರಿ ೧೨೮ ಸಂಕೇತಗಳು. ಇಷ್ಟಕ್ಕೆ ಏಳು ದ್ವಿಮಾನ ಅಂಕೆಗಳು, ಎಂದರೆ ಏಳು ಬಿಟ್‌ಗಳು, ಸಾಕು. ಅಂಚೆಯ ದಾರಿಯು ಏಳು ಬಿಟ್‌ಗಳ ಅಗಲಕ್ಕೆ ಕಟ್ಟಿದ ದಾರಿಯಾಗಿತ್ತು.

ಮೊದಲ ವರ್ಷಗಳಲ್ಲಿ ಕನ್ನಡಿಗರು ಬಳಸಿದ ಉಪಾಯ, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಕೂಡಿಸಿದ ಅಚ್ಚುಗಳು, ಅಂದರೆ ಫಾಂಟುಗಳು. ಅದೇ ಅಚ್ಚು ಇಲ್ಲದವನಿಗೆ ಆ ಕಾಗದವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತಿತ್ತು. ಕನ್ನಡವನ್ನು ಸುಲಭವಾಗಿ ಬೆರಳಚ್ಚು ಮಾಡುವ ಪ್ರಶ್ನೆಗೆ ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಉತ್ತರ ಕೊಟ್ಟಿತು. ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ರಚಿಸಿದವರೂ ಅವರೇ. ಆದರೆ ಕೀಲಿಮಣೆಯಿಂದ ಕನ್ನಡ ಮೂಡುವುದು ಬೇರೆ, ತಂತಿಯ ಮೇಲೆ ಕನ್ನಡ ಸಾಗುವುದು ಬೇರೆ. ಎರಡನೆಯದಕ್ಕೆ ಜಗತ್ತೇ ಒಪ್ಪಿದ ಸಂಕೇತಪದ್ಧತಿ ಬೇಕಾಗಿತ್ತು.

ಅದು ಯೂನಿಕೋಡ್ ಎಂಬ ಹೆಸರಿನಿಂದ ೧೯೯೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರ ವರೆಗಿನ ಸ್ಥಾನಗಳು ಮೀಸಲಾಗಿವೆ. ‘ಅ’ ಎಂಬುದರ ಸಂಖ್ಯೆ ೩೨೦೫. ಇಂಥ ದೊಡ್ಡ ಸಂಖ್ಯೆಗಳನ್ನು ಎಂಟು ಬಿಟ್‌ಗಳ ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-೮ ಎಂಬ ರೀತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ೧೯೯೨ರಲ್ಲಿ ರೂಪಿಸಿದರು. ಅದರಂತೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಅ’ ಎಂಬುದು ೨೨೪, ೧೭೮, ೧೩೩ ಎಂದಾಗುತ್ತದೆ. ಈ ಮೂರೂ ೧೨೭ಕ್ಕಿಂತ ದೊಡ್ಡವು. ಏಳು ಬಿಟ್‌ಗಳ ದಾರಿಯಲ್ಲಿ ಹಿಡಿಸುವಂಥವಲ್ಲ.

ಈ ತೊಡಕನ್ನು ಬಿಡಿಸಿದವರು ನೆಥೇನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್. ೧೯೯೨ರಲ್ಲಿ ಅವರು ಪ್ರಕಟಿಸಿದ ‘ಮೈಮ್’ ಎಂಬ ನಿಯಮಗಳಲ್ಲಿ ಬೇಸ್-೬೪ ಎಂಬ ಉಪಾಯವಿದೆ. ಮೂರು ಬೈಟ್‌ಗಳೆಂದರೆ ಇಪ್ಪತ್ತನಾಲ್ಕು ಬಿಟ್‌ಗಳು. ಅವನ್ನು ಆರಾರರಂತೆ ನಾಲ್ಕು ಪಾಲು ಮಾಡಿದರೆ ಒಂದೊಂದು ಪಾಲೂ ೦ಯಿಂದ ೬೩ರ ವರೆಗಿನ ಸಂಖ್ಯೆಯಾಗುವುದು. ಇವಕ್ಕೆ ಇಂಗ್ಲಿಷಿನ ದೊಡ್ಡ ಅಕ್ಷರಗಳು ಇಪ್ಪತ್ತಾರು, ಸಣ್ಣವು ಇಪ್ಪತ್ತಾರು, ಅಂಕೆಗಳು ಹತ್ತು, ಚಿಹ್ನೆಗಳು ಎರಡು—ಹೀಗೆ ಅರುವತ್ತನಾಲ್ಕು ಗುರುತುಗಳನ್ನು ಕ್ರಮವಾಗಿ ಹೊಂದಿಸಿದ್ದಾರೆ. ‘ಅ’ ಎಂಬುದರ ಮೂರು ಬೈಟ್‌ಗಳನ್ನು ಹೀಗೆ ಒಡೆದರೆ ೫೬, ೧೧, ೧೦, ೫ ಎಂಬ ಸಂಖ್ಯೆಗಳು ದೊರೆಯುತ್ತವೆ. ಇವಕ್ಕೆ ಸಲ್ಲುವ ಗುರುತುಗಳು ನಾಲ್ಕರ ಅಂಕೆ, ಎಲ್, ಕೆ, ಎಫ್. ವಾಚಕರು ಕಾಗದ ಪೆನ್ಸಿಲು ಹಿಡಿದು ಇದನ್ನು ಸ್ವತಃ ಮಾಡಿ ನೋಡಬಹುದು.

‘ಅಲೆವೂರು’ ಎಂಬುದರಲ್ಲಿ ಸ್ವರಚಿಹ್ನೆಗಳೂ ಸೇರಿ ಏಳು ಸಂಕೇತಗಳಿವೆ: ಅ, ಲ, ಎತ್ವ, ವ, ದೀರ್ಘವಾದ ಕೊಂಬು, ರ, ಹ್ರಸ್ವವಾದ ಕೊಂಬು. ಯುಟಿಎಫ್-೮ರಲ್ಲಿ ಅದು ೨೧ ಬೈಟ್. ಬೇಸ್-೬೪ರಲ್ಲಿ ೨೮ ಗುರುತುಗಳು. ಕನ್ನಡದ ಸಂಕೇತಗಳ ಮೊದಲ ಬೈಟ್ ಯಾವಾಗಲೂ ೨೨೪. ಎರಡನೆಯದು ೧೭೮ ಅಥವಾ ೧೭೯. ಆದುದರಿಂದ ನಡುವೆ ತೆರವಿಲ್ಲದ ಕನ್ನಡ ಪದವೊಂದನ್ನು ಹೀಗೆ ಬರೆದಾಗ ‘ನಾಲ್ಕು, ಎಲ್’ ಎಂಬ ಜೋಡಿಯು ಪಲ್ಲವಿಯಂತೆ ಮರಳಿ ಮರಳಿ ಬರುವುದು. ಈ ವೇಷದಲ್ಲಿ ಕನ್ನಡವು ಯಾವ ಹಳೆಯ ದಾರಿಯಲ್ಲಾದರೂ ಸಾಗಿ, ಅತ್ತ ತುದಿಯಲ್ಲಿ ವೇಷ ಕಳಚಿ ನಿಲ್ಲುತ್ತದೆ. ವೇಷ ಯಾವುದೆಂಬುದನ್ನು ಓಲೆಯ ತಲೆಸಾಲುಗಳಲ್ಲಿ ಬರೆದಿರಬೇಕು. ಪೈಥಾನಿನ ‘ಈಮೇಲ್’ ಭಾಗವು ಇದೆಲ್ಲವನ್ನೂ ತಾನೇ ನೋಡಿಕೊಳ್ಳುವುದು. ಎಂಟು ಬಿಟ್‌ಗಳನ್ನೇ ನೇರವಾಗಿ ಸಾಗಿಸುವ ಒಪ್ಪಂದವು ೧೯೯೩ರಲ್ಲಿ ಬಂದಿತು. ವಿಳಾಸವನ್ನೇ ಕನ್ನಡದಂಥ ಲಿಪಿಗಳಲ್ಲಿ ಬರೆಯಲು ೨೦೧೨ರಲ್ಲಿ ನಿಯಮವಾಯಿತು.

ಸುಳ್ಳು ಲಕೋಟೆ

೧೯೮೨ರ ಜಾಲದಲ್ಲಿ ಕೆಲವು ನೂರು ಗಣಕಗಳು ಮಾತ್ರ ಇದ್ದುವೆಂದು ಹಿಂದೆ ಹೇಳಿದೆವು. ಅಷ್ಟು ಚಿಕ್ಕ ಬಳಗದಲ್ಲಿ ಸುಳ್ಳು ಹೇಳುವವರಿದ್ದಾರೆಂಬ ಶಂಕೆ ನಿಯಮ ಮಾಡಿದವರಿಗೆ ಬರಲಿಲ್ಲ. ಆದುದರಿಂದ ‘ಮೇಲ್ ಫ್ರಮ್’ ಆಜ್ಞೆಯ ಮುಂದೆ ಯಾವ ಹೆಸರು ಹೇಳಿದರೂ ೨೫೦ ಎಂಬ ಉತ್ತರ ದೊರೆಯುತ್ತಿತ್ತು. ಓಲೆಯ ತಲೆಯ ಮೇಲೂ ಬೇಕಾದ ಹೆಸರು ಬರೆಯಬಹುದಿತ್ತು. ಬ್ಯಾಂಕಿನ ಹೆಸರಿನಲ್ಲಿ, ಪರೀಕ್ಷಾಮಂಡಲಿಯ ಹೆಸರಿನಲ್ಲಿ ಮೋಸದ ಕಾಗದಗಳು ಬರತೊಡಗಿದುದಕ್ಕೆ ಮೂಲ ಇದೇ.

ಇದಕ್ಕೆ ಮೂರು ಪರಿಹಾರಗಳು ಒಂದಾದ ಮೇಲೊಂದು ಬಂದುವು. ಮೊದಲನೆಯದು ಎಸ್‌ಪಿಎಫ್, ೨೦೦೬ರದು. ತನ್ನ ಹೆಸರಿನಲ್ಲಿ ಕಾಗದ ಕಳುಹಿಸಲು ಯಾವ ಯಾವ ಗಣಕಗಳಿಗೆ ಅಧಿಕಾರವಿದೆಯೆಂದು ಪ್ರತಿಯೊಂದು ಜಾಲನಾಮದ ಒಡೆಯನೂ ಮಹಾಸೂಚಿಯಲ್ಲಿ ಬರೆದಿಡಬಹುದು. ಪಡೆಯುವ ಗಣಕವು ಲಕೋಟೆಯ ಮೇಲಿನ ಹೆಸರನ್ನು ಆ ಪಟ್ಟಿಯೊಡನೆ ತಾಳೆ ನೋಡುವುದು. ಎರಡನೆಯದು ೨೦೦೭ರ ಡಿಕೆಐಎಮ್. ಇದು ಓಲೆಗೆ ಹಾಕುವ ಗಣಿತದ ಮೊಹರು. ದಾರಿಯಲ್ಲಿ ಯಾರಾದರೂ ಓಲೆಯನ್ನು ತಿದ್ದಿದರೆ ಮೊಹರು ಮುರಿಯುವುದು. ಆದರೆ ಇವೆರಡರ ನಡುವೆಯೂ ಒಂದು ಕಂಡಿ ಉಳಿದಿತ್ತು. ಲಕೋಟೆಯ ಮೇಲೆ ತನ್ನ ನಿಜವಾದ ಹೆಸರನ್ನೇ ಬರೆದ ಮೋಸಗಾರನು, ಓದುಗನ ಕಣ್ಣಿಗೆ ಬೀಳುವ ಓಲೆಯ ತಲೆಯ ಮೇಲೆ ಬ್ಯಾಂಕಿನ ಹೆಸರು ಬರೆಯಬಹುದು! ೨೦೧೫ರಲ್ಲಿ ನಿಯಮರೂಪದಲ್ಲಿ ಪ್ರಕಟವಾದ ಡಿಮಾರ್ಕ್ ಈ ಕಂಡಿಯನ್ನು ಮುಚ್ಚುತ್ತದೆ. ಓದುಗನಿಗೆ ಕಾಣಿಸುವ ಜಾಲನಾಮವು, ಲಕೋಟೆಯಿಂದಲೋ ಮೊಹರಿನಿಂದಲೋ ರುಜುವಾತಾದ ಜಾಲನಾಮದೊಡನೆ ಹೊಂದಬೇಕೆಂದು ಅದು ವಿಧಿಸುತ್ತದೆ. ದಿನಕ್ಕೆ ಐದು ಸಾವಿರಕ್ಕಿಂತ ಹ ೆಚ್ಚು ಕಾಗದಗಳನ್ನು ಜಿಮೇಲ್ ಪೆಟ್ಟಿಗೆಗಳಿಗೆ ಕಳುಹಿಸುವವರು ಈ ಮೂರನ್ನೂ ಪಾಲಿಸಬೇಕೆಂದು ಗೂಗಲ್ ಸಂಸ್ಥೆಯು ೨೦೨೪ರ ಫೆಬ್ರವರಿಯಿಂದ ಕಡ್ಡಾಯಮಾಡಿತು.

ಕಳುಹಿಸುವವನ ಹೊಣೆ

ಕೇಳದವರಿಗೆ ರಾಶಿರಾಶಿಯಾಗಿ ಕಾಗದ ಹಾಕುವ ಚಟವೂ ಹಳೆಯದೇ. ೧೯೭೮ರ ಮೇ ತಿಂಗಳಲ್ಲಿ ಗೇರಿ ಥರ್ಕ್ ಎಂಬ ಅಮೆರಿಕದ ಮಾರಾಟಗಾರನು ತನ್ನ ಸಂಸ್ಥೆಯ ಗಣಕಗಳ ಜಾಹೀರಾತನ್ನು ಸುಮಾರು ನಾಲ್ಕು ನೂರು ಮಂದಿಗೆ ಒಮ್ಮೆಗೇ ಕಳುಹಿಸಿ ಅನೇಕರ ಕೋಪಕ್ಕೆ ಗುರಿಯಾದನು. ಇಂದು ಆ ಸಾಮರ್ಥ್ಯ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಯಲ್ಲಿದೆ. ಆದುದರಿಂದ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಬರೆಯುವುದು, ‘ಇನ್ನು ಬೇಡ’ ಎಂದವರ ಹೆಸರನ್ನು ಕೂಡಲೇ ತೆಗೆಯುವುದು, ಮುನ್ನೂರನ್ನೂ ಒಂದೇ ಉಸಿರಿಗೆ ಕಳುಹಿಸದೆ ನಡುನಡುವೆ ಬಿಡುವು ಕೊಡುವುದು ಯೋಗ್ಯ. ಹಠಾತ್ತನೆ ಕಾಗದಗಳ ಪ್ರವಾಹ ಹರಿಸುವ ಹೊಸಬನನ್ನು ಅಂಚೆಗಣಕಗಳು ಸಂಶಯದಿಂದ ನೋಡುತ್ತವೆ. ಅವನ ಒಳ್ಳೆಯ ಕಾಗದವನ್ನೂ ಕಸದ ಪೆಟ್ಟಿಗೆಗೆ ಹಾಕಿಯಾವು.

ಪ್ರವೇಶಪದದ ವಿಷಯದಲ್ಲಿಯೂ ಎಚ್ಚರ ಬೇಕು. ಅದನ್ನು ಕ್ರಮವಿಧಿಯೊಳಗೇ ಬರೆದಿಟ್ಟು, ಆ ಕ್ರಮವಿಧಿಯನ್ನು ಗೆಳೆಯರಿಗೆ ಹಂಚುವುದು, ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿದಂತೆ. ಅದು ಬೇರೆಡೆಯಲ್ಲಿರಬೇಕು, ಕ್ರಮವಿಧಿಯು ಕೆಲಸಮಾಡುವಾಗ ಮಾತ್ರ ಅದನ್ನು ಓದಿಕೊಳ್ಳಬೇಕು. ಕ್ರಮವಿಧಿಯಿಂದ ಅಂಚೆಗಣಕಕ್ಕೆ ಕಾಗದ ಒಪ್ಪಿಸಲು ೫೮೭ ಎಂಬ ಸಂಖ್ಯೆಯ ದ್ವಾರವನ್ನು ಮೀಸಲಿಟ್ಟಿದ್ದಾರೆ. ಅಲ್ಲಿ ಮೊದಲು ‘ಸ್ಟಾರ್ಟ್ ಟಿಎಲ್‌ಎಸ್’ ಎಂಬ ಆಜ್ಞೆಯಿಂದ ಸಂಭಾಷಣೆಯನ್ನು ಗೂಢಲಿಪಿಗೆ ತಿರುಗಿಸಿ, ಆಮೇಲೆಯೇ ಪ್ರವೇಶಪದವನ್ನು ಹೇಳಬೇಕು. ಈ ಕ್ರಮ ತಪ್ಪಿದರೆ ಪ್ರವೇಶಪದವು ಬಯಲಿನಲ್ಲಿ ಸಾಗುವುದು.

ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದು ಮೇಲು. ಮೊದಲ ಪ್ರಯೋಗದಲ್ಲಿ ಮುನ್ನೂರು ಮಂದಿಯ ಪಟ್ಟಿಯನ್ನು ಮುಟ್ಟದೆ, ತನಗೆ ತಾನೇ ಕನ್ನಡದಲ್ಲಿ ಒಂದು ಓಲೆ ಕಳುಹಿಸಿಕೊಳ್ಳಬೇಕು. ಎಸ್‌ಎಮ್‌ಟಿಪಿಲಿಬ್‌ನಲ್ಲಿ ‘ಸೆಟ್ ಡೀಬಗ್ ಲೆವೆಲ್’ ಎಂಬುದನ್ನು ೧ಕ್ಕೆ ಇರಿಸಿದರೆ ಎರಡು ಗಣಕಗಳ ಸಂಭಾಷಣೆಯು ಸಾಲುಸಾಲಾಗಿ ತೆರೆಯ ಮೇಲೆ ಮೂಡುವುದು. ಓಲೆ ಬಂದು ತಲಪಿದ ಮೇಲೆ ಅದರ ‘ಮೂಲರೂಪವನ್ನು ತೋರಿಸು’ ಎಂಬ ಸೌಲಭ್ಯವನ್ನು ಒತ್ತಬೇಕು. ಅಲ್ಲಿ ‘ರಿಸೀವ್ಡ್’ ಎಂದು ಆರಂಭವಾಗುವ ಸಾಲುಗಳಿರುತ್ತವೆ. ಲಕೋಟೆಯ ಹಿಂಬದಿಯಲ್ಲಿ ಅಂಚೆ ಕಚೇರಿಗಳು ಒತ್ತುವ ಮುದ್ರೆಗಳಂತೆ, ದಾರಿಯ ಪ್ರತಿಯೊಂದು ಅಂಚೆಗಣಕವೂ ಹೊತ್ತು ಸಹಿತವಾಗಿ ತನ್ನ ಮುದ್ರೆಯನ್ನು ಒತ್ತಿರುತ್ತದೆ. ಹೊಸ ಮುದ್ರೆ ಮೇಲಕ್ಕೆ ಸೇರುವುದರಿಂದ ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ‘ರಿಟರ್ನ್ ಪಾತ್’ ಎಂಬ ಇನ್ನೊಂದು ಸಾಲುಂಟು. ಮರೆಯಾದ ಲಕೋಟೆಯಿಂದ ಉಳಿಸಿಟ್ಟ ‘ಮೇಲ್ ಫ್ರಮ್’ ವಿಳಾಸವೇ ಅದು. ಎಸ್‌ಪಿಎಫ್, ಡಿಕೆಐಎಮ್ ಮತ್ತು ಡಿಮಾರ್ಕ್ ಪರೀಕ್ಷೆಗಳ ಫಲಿತಾಂಶವೂ ಸಾಮಾನ್ಯವಾಗಿ ಅಲ್ಲಿಯೇ ಇರುವುದು. ಬ್ಯಾಂಕಿನ ಹೆಸರು ಹೊತ್ತ ಸಂಶಯದ ಕಾಗದವೊಂದು ಮುಂದೆಂದಾದರೂ ಮನೆಯವರ ಪೆಟ್ಟಿಗೆಗೆ ಬಂದಾಗ, ಈ ಸಾಲುಗಳನ್ನು ಓದಬಲ್ಲ ವಿದ್ಯಾರ್ಥಿಯು ಅದರ ಲಕೋಟೆ ಎಲ್ಲಿಂದ ಬಂದಿತೆಂಬುದನ್ನು ಅವರಿಗೆ ತೋರಿಸಿಕೊಡಬಲ್ಲನು.